ನೋವಿಲ್ಲ ಅಂತ ಸುಮ್ಮನಿರಬೇಡಿ ದೊಡ್ಡಪ್ಪ

ಚಿಕ್ಕಪ್ಪ: (ಫಾರ್ವರ್ಡ್) ಮೂತ್ರ ಕೆಂಪಾದರೆ ಹೆದರಬೇಡಿ! ಅದು ಬರೀ ಉಷ್ಣ. ಬಾರ್ಲಿ ನೀರು, ಬಾಳೆದಿಂಡಿನ ರಸ ಮೂರು ದಿನ ಕುಡಿದರೆ ಸಾಕು. ಆಸ್ಪತ್ರೆಗೆ ಹೋದರೆ ಸುಮ್ನೆ ಸಾವಿರಾರು ರೂಪಾಯಿ ಟೆಸ್ಟ್. ಎಲ್ಲರಿಗೂ ಕಳಿಸಿ.

ದೊಡ್ಡಪ್ಪ: ನಿಜ ಕಣೋ. ಹೋದ ವಾರ ನನಗೂ ಕೆಂಪಗೆ ಹೋಯಿತು. ಬಾರ್ಲಿ ಕುಡಿದೆ, ನಿಂತಿತು.

ನಾನು: ದೊಡ್ಡಪ್ಪ, ಉರಿ ಇತ್ತಾ? ಜ್ವರ? ಸೊಂಟದಿಂದ ತೊಡೆಸಂದಿಗೆ ಎಳೆಯುವ ನೋವು? ಬೀಟ್‌ರೂಟ್ ತಿಂದಿದ್ದಿರಾ?

ದೊಡ್ಡಪ್ಪ: ಏನೂ ಇಲ್ಲ ಪುಟ್ಟಿ. ಬೀಟ್‌ರೂಟ್ ನಾನು ಮುಟ್ಟುವುದೇ ಇಲ್ಲ. ನೋವಿಲ್ಲ ಅಂತಲೇ ಯಾರಿಗೂ ಹೇಳಲಿಲ್ಲ.

ನಾನು: ನೋವಿಲ್ಲದೆ ರಕ್ತ ಹೋಗಿದೆ ಅನ್ನುವುದೇ ನನಗೆ ಭಯ. ಕಲ್ಲಿದ್ದರೆ ಸಾಮಾನ್ಯವಾಗಿ ನೋವಾಗುತ್ತದೆ, ಸೋಂಕಿದ್ದರೆ ಉರಿಯುತ್ತದೆ. ಮೂತ್ರಕೋಶದಲ್ಲಿ ಗಡ್ಡೆ ಇದ್ದರೆ ಎಷ್ಟೋ ಜನರಿಗೆ ಮೊದಲು ಕಾಣುವುದು ಹೀಗೆ ಸುಮ್ಮನೆ ಕೆಂಪು ನೀರು ಹೋಗುವುದೊಂದೇ. ಅದು ಒಂದೆರಡು ದಿನ ಬಂದು ತಾನೇ ನಿಲ್ಲುತ್ತದೆ, ಆಮೇಲೆ ತಿಂಗಳುಗಟ್ಟಲೆ ಬರದೇ ಇರಬಹುದು, ಆ ಹೊತ್ತಿಗೆ ಏನು ಕುಡಿದಿರುತ್ತಾರೋ ಅದಕ್ಕೆ ಹೆಸರು ಬರುತ್ತದೆ.

ಚಿಕ್ಕಪ್ಪ: ನೀವು ಲ್ಯಾಬಿನವರಿಗೆ ಎಲ್ಲವೂ ಕ್ಯಾನ್ಸರೇ. ಪಾಪ, ಅಣ್ಣನನ್ನು ಯಾಕೆ ಹೆದರಿಸುತ್ತೀಯ?

ನಾನು: ಕ್ಯಾನ್ಸರ್ ಅಂತ ನಾನು ಹೇಳಿಲ್ಲ ಚಿಕ್ಕಪ್ಪ. ಈ ವಯಸ್ಸಿನಲ್ಲಿ ಗಂಡಸರಿಗೆ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿ ರಕ್ತ ಬರಬಹುದು. ನೋವು ಕೊಡದ ಕಲ್ಲೂ ಇರಬಹುದು. ಒಂದು ಲೀಟರ್ ಮೂತ್ರಕ್ಕೆ 1 ಮಿ.ಲೀ. ರಕ್ತ ಸೇರಿದರೂ ಬಣ್ಣ ಬದಲಾಗುತ್ತದೆ, ಹಾಗಾಗಿ ಕೆಂಪು ನೋಡಿ ರಕ್ತ ತುಂಬಾ ಹೋಯಿತು ಅಂತ ಗಾಬರಿ ಬೇಡ. ಆದರೆ ದೊಡ್ಡಪ್ಪ ಎಷ್ಟೋ ವರ್ಷ ಬೀಡಿ ಸೇದಿದವರು. ಹೊಗೆಯ ವಿಷ ರಕ್ತಕ್ಕೆ ಸೇರುತ್ತದೆ, ಕಿಡ್ನಿ ಅದನ್ನು ಸೋಸಿ ಹಾಕುತ್ತದೆ, ಆಮೇಲೆ ಅದು ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಂತಿರುತ್ತದೆ. ಮೂತ್ರಕೋಶದ ಕ್ಯಾನ್ಸರಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಹೊಗೆಯೇ. ಬೇಗ ಸಿಕ್ಕರೆ ಚಿಕಿತ್ಸೆ ಎಷ್ಟೋ ಸುಲಭ, ಅದಕ್ಕೇ ಇಷ್ಟು ಹಠ ಮಾಡುತ್ತಿದ್ದೇನೆ.

ಅಣ್ಣ: ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ಅಪ್ಪ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಅದರಿಂದಲೇ ಇರಬಹುದಲ್ವಾ?

ನಾನು: ಮಾತ್ರೆಯಿಂದ ರಕ್ತ ಸುಲಭವಾಗಿ ಹರಿಯುತ್ತದೆ, ಸರಿ. ಆದರೆ ಎಲ್ಲಿಂದ ಹರಿಯುತ್ತಿದೆ ಅಂತ ನೋಡಲೇಬೇಕು. ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ಅತ್ತೆ: ನನಗೆ ಉರಿ ಅಂದಾಗಲೆಲ್ಲ ಆಂಟಿಬಯಾಟಿಕ್ ಬರೆದುಕೊಟ್ಟರು. ಮೂತ್ರದಲ್ಲಿ ಯಾವ ರೋಗಾಣು ಇದೆ ಅಂತ ನೋಡುವ ಕಲ್ಚರ್ ಒಂದು ಸಲವೂ ಮಾಡಿಸಲಿಲ್ಲ.

ನಾನು: ಹೆಂಗಸರಿಗೆ ಹೀಗೇ ಆಗುತ್ತದೆ ಅತ್ತೆ, ಸೋಂಕು ಅಂತ ಮಾತ್ರೆ ಕೊಡುತ್ತಾ ಕೊಡುತ್ತಾ ನಿಜವಾದ ಕಾರಣ ತಡವಾಗಿ ಗೊತ್ತಾಗುತ್ತದೆ. ಕಲ್ಚರ್ ಮಾಡಿಸಿ. ಮಾತ್ರೆ ಮುಗಿದ ಮೇಲೆ ಮತ್ತೊಮ್ಮೆ ಮೂತ್ರ ಪರೀಕ್ಷೆ ಕೇಳಿ.

ದೊಡ್ಡಪ್ಪ: ಸರಿ, ಸ್ಕ್ಯಾನ್ ಮಾಡಿಸಿದರೆ ಸಾಕು ತಾನೇ?

ನಾನು: ಮೊದಲು ಮೂತ್ರ. ಪಟ್ಟಿ ಅದ್ದಿ ನೋಡುವುದೊಂದೇ ಸಾಲದು, ಸ್ನಾಯು ಜಖಂ ಆಗಿದ್ದರೂ ಪಟ್ಟಿ ಬಣ್ಣ ತಿರುಗುತ್ತದೆ. ಮೈಕ್ರೋಸ್ಕೋಪಿನಲ್ಲಿ ಕೆಂಪು ಕಣ ಎಣಿಸಬೇಕು. ಹೈ ಪವರಿನಲ್ಲಿ ಒಂದು ನೋಟಕ್ಕೆ 3 ಅಥವಾ ಜಾಸ್ತಿ ಕಂಡರೆ ಲೆಕ್ಕಕ್ಕೆ ಬರುತ್ತದೆ. ಕಣಗಳ ಆಕಾರವೂ ಮಾತಾಡುತ್ತದೆ. ಮೂತ್ರಕೋಶದಿಂದ ಬಂದವು ಸಾಮಾನ್ಯವಾಗಿ ದುಂಡಗೆ ಇರುತ್ತವೆ. ಕಿಡ್ನಿಯ ಜರಡಿಯಿಂದ ನುಸುಳಿ ಬಂದವು ಸೊಟ್ಟಗೆ, ಅಂಚಿನಲ್ಲಿ ಗುಳ್ಳೆ ಎದ್ದ ಹಾಗೆ ಕಾಣುತ್ತವೆ. ಜೊತೆಗೆ ಪ್ರೋಟೀನ್ ಹೋಗುತ್ತಿದ್ದರೆ ಕಿಡ್ನಿ ಡಾಕ್ಟರ್ ನೋಡಬೇಕು. ಇನ್ನು ಸ್ಕ್ಯಾನ್. ಮೂತ್ರಕೋಶದ ಸಣ್ಣ ಗಡ್ಡೆ ಅದರಲ್ಲಿ ತಪ್ಪಿಹೋಗಬಹುದು, ಅದಕ್ಕೇ ಸಣ್ಣ ಕ್ಯಾಮೆರಾ ಬಿಟ್ಟು ನೋಡುತ್ತಾರೆ, ಸಿಸ್ಟೋಸ್ಕೋಪಿ ಅಂತ. ಮರಗಟ್ಟಿಸುವ ಜೆಲ್ ಹಾಕಿ ಕೆಲವೇ ನಿಮಿಷದಲ್ಲಿ ಮುಗಿಸುತ್ತಾರೆ.

ಅಣ್ಣ: ಖರ್ಚು ಜಾಸ್ತಿ ಆಗುತ್ತದಾ?

ನಾನು: ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲೇ ಕಿಡ್ನಿ, ಮೂತ್ರದ ಕಾಯಿಲೆ ನೋಡುವ ಸರ್ಕಾರಿ ನೆಫ್ರೋ ಯುರಾಲಜಿ ಸಂಸ್ಥೆ ಇದೆ. ಅಲ್ಲಿಗೇ ಕರೆದುಕೊಂಡು ಬಾ. ಮಾತ್ರೆ ಚೀಟಿ ಮರೆಯಬೇಡ.

ದೊಡ್ಡಪ್ಪ: ಸೋಮವಾರ ಬರುತ್ತೇನೆ. ಈಗ ಕೆಂಪಿಲ್ಲವಲ್ಲ, ಏನು ತೋರಿಸಲಿ?

ನಾನು: ಕೆಂಪಿಲ್ಲದಿದ್ದರೂ ಬನ್ನಿ. ಹೋದ ವಾರ ಆದದ್ದನ್ನು ನೀವೇ ಬಾಯಿಬಿಟ್ಟು ಹೇಳಿ, ಅದೇ ಮುಖ್ಯ. ಮೊದಲ ಸ್ವಲ್ಪ ಬಿಟ್ಟು ಮಧ್ಯದ್ದನ್ನು ಡಬ್ಬಿಗೆ ಹಿಡಿಯಿರಿ. ಮನೆಯಿಂದ ತರಬೇಡಿ, ತಡವಾದರೆ ಕಣಗಳು ಒಡೆದುಹೋಗುತ್ತವೆ.

ಚಿಕ್ಕಪ್ಪ: ಆಯಿತು, ಡಿಲೀಟ್ ಮಾಡುತ್ತೇನೆ. ಆದರೆ ಬಾಳೆದಿಂಡು ಕೆಟ್ಟದ್ದು ಅಂದರೆ ಒಪ್ಪುವುದಿಲ್ಲ.

ನಾನು: ಧಾರಾಳವಾಗಿ ತಿನ್ನಿ. ನಿಮ್ಮ ವಾಕಿಂಗ್ ಗುಂಪಿಗೂ ಅದನ್ನೇ ಕಳಿಸಿದ್ದೀರಿ ಅಂತ ಚಿಕ್ಕಮ್ಮ ಹೇಳಿದರು. ಅಲ್ಲೂ ಅಳಿಸಿ, ಯಾಕೆ ಅಂತ ಎರಡು ಸಾಲು ಬರೆಯಿರಿ.