ಬಲ್ಬುಗಳನ್ನೆಲ್ಲ ಬದಲಿಸಿದರೂ ವಿದ್ಯುತ್ ಬಳಕೆ ಏಕೆ ಇಳಿಯುತ್ತಿಲ್ಲ?

ಮನೆಲೆಕ್ಕ (ಪ್ರಶ್ನೆ):
ನಮ್ಮ ಮನೆಯ ಎಲ್ಲ ಕೋಣೆಗಳಿಗೂ ಎಲ್‌ಇಡಿ ಬಲ್ಬುಗಳನ್ನು ಹಾಕಿಸಿದ್ದೇವೆ, ಕೆಲಸ ಮುಗಿದ ಕೂಡಲೇ ಮೊಬೈಲ್ ಚಾರ್ಜರ್‌ಗಳನ್ನು ಕೀಳುತ್ತೇವೆ, ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯಗೊಡುವುದಿಲ್ಲ. ಇಷ್ಟಾದರೂ ತಿಂಗಳ ಯೂನಿಟ್‌ಗಳಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣುತ್ತಿಲ್ಲ. ಮುಂದೆ ಯಾವುದರತ್ತ ಗಮನ ಹರಿಸಬೇಕು? ಗೀಸರನ್ನು ಪದೇ ಪದೇ ಹಾಕಿ ಆರಿಸುವುದಕ್ಕಿಂತ ದಿನವಿಡೀ ಚಾಲೂ ಇಡುವುದರಲ್ಲೇ ಉಳಿತಾಯವಿದೆ ಎಂದು ಕೆಲವರು ಹೇಳುತ್ತಾರೆ. ಅದು ನಿಜವೇ ಎಂಬುದನ್ನೂ ದಯವಿಟ್ಟು ತಿಳಿಸಿ.

ಉಷ್ಣಮಾಪಕ:
ಬೆಳಕಿನಲ್ಲಿ ಉಳಿಸಬಹುದಾದದ್ದನ್ನು ನೀವು ಉಳಿಸಿಯಾಗಿದೆ. ಇನ್ನು ಬಿಸಿ ಮಾಡುವ ಮತ್ತು ತಂಪು ಮಾಡುವ ಉಪಕರಣಗಳನ್ನು ನೋಡಬೇಕು. ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 4.2 ಕಿಲೋಜೂಲ್ ಶಕ್ತಿ ಬೇಕು, ಒಂದು ಯೂನಿಟ್ ಎಂದರೆ 3,600 ಕಿಲೋಜೂಲ್. ಆ ಪ್ರಕಾರ 15 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 0.6 ಯೂನಿಟ್ ಖರ್ಚಾಗುತ್ತದೆ. ಅಷ್ಟೇ ವಿದ್ಯುತ್ತಿನಲ್ಲಿ 9 ವಾಟ್‌ನ ಎಲ್‌ಇಡಿ ಬಲ್ಬೊಂದು 60 ಗಂಟೆಗೂ ಮೀರಿ ಉರಿಯುತ್ತದೆ.

ಗೀಸರನ್ನು ಸದಾ ಚಾಲೂ ಇಟ್ಟರೆ ಉಳಿತಾಯ ಎಂಬ ಮಾತು ಸರಿಯಲ್ಲ. ಟ್ಯಾಂಕಿನ ನೀರು ಸುತ್ತಲಿನ ಗಾಳಿಗಿಂತ ಎಷ್ಟು ಹೆಚ್ಚು ಬಿಸಿಯಾಗಿರುತ್ತದೋ ಅಷ್ಟು ವೇಗವಾಗಿ ಶಾಖ ಸೋರುತ್ತದೆ. ಆರಿಸಿಟ್ಟಾಗ ನೀರು ತಣಿಯುತ್ತ ಹೋದಂತೆ ಸೋರಿಕೆಯೂ ತಗ್ಗುತ್ತದೆ, ಮತ್ತೆ ಕಾಯಿಸುವಾಗ ನಾವು ತುಂಬಿಕೊಡುವುದು ಸೋರಿಹೋದಷ್ಟನ್ನು ಮಾತ್ರ. ಎಡೆಬಿಡದೆ ಬಿಸಿಯಾಗಿಟ್ಟರೆ ಸೋರಿಕೆ ಗರಿಷ್ಠ ಮಟ್ಟದಲ್ಲೇ ನಡೆಯುತ್ತಿರುತ್ತದೆ.

ನಿಧಾನವಾಗಿ:
ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಒಂದು ಎಚ್ಚರಿಕೆ ಇರಲಿ. ಉಳಿತಾಯದ ಉತ್ಸಾಹದಲ್ಲಿ ದೊಡ್ಡ ಟ್ಯಾಂಕಿನ ಥರ್ಮೋಸ್ಟ್ಯಾಟನ್ನು 40 ಡಿಗ್ರಿಗೆ ಇಳಿಸಿ, ಅದೇ ನೀರನ್ನು ದಿನಗಟ್ಟಲೆ ನಿಲ್ಲಿಸಬಾರದು. ಉಗುರುಬೆಚ್ಚಗಿನ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ; 60 ಡಿಗ್ರಿಯಲ್ಲಿ ಅದು ಸಾಯುತ್ತದೆ. ಉಷ್ಣತೆಯನ್ನು ಕಡಿತಗೊಳಿಸುವ ಬದಲು ಬಳಸುವ ನೀರಿನ ಪ್ರಮಾಣವನ್ನೇ ಕಡಿತಗೊಳಿಸಿ.

ಮೀಟರ್ ಮುಂದೆ:
ಯಾವ ಉಪಕರಣ ಎಷ್ಟು ಎಳೆಯುತ್ತದೆ ಎಂದು ಊಹಿಸುವ ಅಗತ್ಯವೇ ಇಲ್ಲ. ಡಿಜಿಟಲ್ ಮೀಟರಿನಲ್ಲಿ ಮಿನುಗುವ ಪುಟ್ಟ ದೀಪವಿರುತ್ತದೆ, ಒಂದು ಯೂನಿಟ್‌ಗೆ ಅದು ಎಷ್ಟು ಬಾರಿ ಮಿನುಗಬೇಕೆಂಬುದನ್ನು ಪಕ್ಕದಲ್ಲೇ ಮುದ್ರಿಸಿರುತ್ತಾರೆ. ಆ ಸಂಖ್ಯೆ 3,200 ಎಂದಿಟ್ಟುಕೊಳ್ಳಿ. ಹತ್ತು ನಿಮಿಷದಲ್ಲಿ ದೀಪ 32 ಬಾರಿ ಮಿನುಗಿದರೆ ಆ ಹೊತ್ತಿನ ಬಳಕೆ 60 ವಾಟ್. ಫ್ರಿಜ್ಜಿನ ಕಂಪ್ರೆಸರ್ ತಾನಾಗಿ ನಿಂತು ಹೊರಡುವುದರಿಂದ, ಅಳೆಯುವಷ್ಟು ಹೊತ್ತು ಅದನ್ನು ಆರಿಸಿಡಿ. ಇಲ್ಲವಾದರೆ ಲೆಕ್ಕ ತಪ್ಪುತ್ತದೆ.

ರಾತ್ರಿ ಎಲ್ಲವನ್ನೂ ಆರಿಸಿದ ಮೇಲೂ ದೀಪ ಮಿನುಗುತ್ತಿದ್ದರೆ ಯಾವುದೋ ಉಪಕರಣ ಸ್ಟ್ಯಾಂಡ್‌ಬೈನಲ್ಲಿದೆ ಎಂದರ್ಥ. ಸೆಟ್‌ಟಾಪ್ ಬಾಕ್ಸಿನಂಥದ್ದು ಬಿಡುವಿಲ್ಲದೆ 10 ವಾಟ್ ಎಳೆದರೂ ತಿಂಗಳಿಗೆ 7 ಯೂನಿಟ್ ದಾಟುತ್ತದೆ. ಚಾರ್ಜರ್ ಖಾಲಿ ಇದ್ದಾಗ ಎಳೆಯುವುದು ಸಾಮಾನ್ಯವಾಗಿ ಅರ್ಧ ವಾಟಿಗಿಂತಲೂ ಕಡಿಮೆ. ಅದನ್ನು ಕೀಳುವ ಶ್ರದ್ಧೆಯನ್ನು ಸೆಟ್‌ಟಾಪ್ ಬಾಕ್ಸಿನ ಸ್ವಿಚ್ಚಿನ ಕಡೆಗೆ ತಿರುಗಿಸಿದರೆ ಲಾಭ ಹೆಚ್ಚು.

ಮನೆಲೆಕ್ಕ:
ಎಲ್ಲರಿಗೂ ಧನ್ಯವಾದ. ಹಳೆಯ ಫ್ಯಾನುಗಳು ಹಗಲೂ ರಾತ್ರಿ ತಿರುಗುತ್ತಿರುತ್ತವೆ. ಅವನ್ನು ಬದಲಿಸುವುದು ಯೋಗ್ಯವೇ?

ಮೀಟರ್ ಮುಂದೆ:
ಅಷ್ಟು ದೀರ್ಘಕಾಲ ಓಡುವ ಫ್ಯಾನಾದರೆ ಯೋಗ್ಯವೇ. ಸಾಧಾರಣ ಸೀಲಿಂಗ್ ಫ್ಯಾನು ಪೂರ್ಣ ವೇಗದಲ್ಲಿ 75 ವಾಟ್‌ನ ಆಸುಪಾಸಿನಲ್ಲಿದ್ದರೆ, ಬಿಎಲ್‌ಡಿಸಿ (ಬ್ರಷ್‌ಗಳಿಲ್ಲದ, ಕಡಿಮೆ ವಿದ್ಯುತ್ ಎಳೆಯುವ ಡಿಸಿ) ಮೋಟಾರಿನ ಫ್ಯಾನಿನದು 30 ವಾಟ್‌ನ ಆಸುಪಾಸಿನಲ್ಲಿರುತ್ತದೆ. ದಿನಕ್ಕೆ 20 ಗಂಟೆ ತಿರುಗಿದರೆ ತಿಂಗಳಿಗೆ ಸುಮಾರು 27 ಯೂನಿಟ್ ಉಳಿಯುತ್ತದೆ. ಅತಿಥಿಗಳ ಕೋಣೆಯ ಫ್ಯಾನನ್ನು ಮಾತ್ರ ಹಾಗೆಯೇ ಬಿಡಿ. ಅಪರೂಪಕ್ಕೆ ತಿರುಗುವ ಫ್ಯಾನಿನಿಂದ ಹಾಕಿದ ಹಣ ಹಿಂದಿರುಗುವುದಿಲ್ಲ.