ಸಹಾಯ ಬೇಕು: ಅಪ್ಪನ ಶ್ವಾಸಕೋಶ ಕಸಿಗೆ ಹೆಸರು ಬರೆಸುವ ಸಮಯ ಬಂತಾ?

ಅಪ್ಪನಿಗೆ 61 ವರ್ಷ. ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ಕಾಯಿಲೆ, ಪಲ್ಮನರಿ ಫೈಬ್ರೋಸಿಸ್. ಮೊನ್ನೆ 6 ನಿಮಿಷ ನಡೆಸುವ ಪರೀಕ್ಷೆಯಲ್ಲಿ ನಾಲ್ಕನೇ ನಿಮಿಷಕ್ಕೇ ಗೋಡೆ ಹಿಡಿದು ನಿಂತುಬಿಟ್ಟರು, ಬೆರಳಿಗೆ ಹಾಕಿದ್ದ ಆಕ್ಸಿಜನ್ ಮೀಟರ್ 84 ತೋರಿಸುತ್ತಿತ್ತು, ಆದರೂ "ಏನಿಲ್ಲ, ಚಪ್ಪಲಿ ಜಾರಿತು" ಅಂದರು! ಊದುವ ಪರೀಕ್ಷೆಯಲ್ಲಿ ಎಫ್‌ವಿಸಿ (ಪೂರ್ತಿ ಉಸಿರೆಳೆದು ಜೋರಾಗಿ ಊದಿದಾಗ ಹೊರಬರುವ ಒಟ್ಟು ಗಾಳಿ) 6 ತಿಂಗಳಲ್ಲಿ 10 ಪರ್ಸೆಂಟ್‌ಗಿಂತ ಜಾಸ್ತಿ ಇಳಿದಿದೆ.

ನಾನು ಓದಿದ ಪ್ರಕಾರ, ಎಫ್‌ವಿಸಿ ಇಷ್ಟು ಇಳಿಯುವುದು, ನಡೆಯುವಾಗ ಆಕ್ಸಿಜನ್ 88ಕ್ಕಿಂತ ಕೆಳಗೆ ಹೋಗುವುದು, ಎರಡೂ ಕಸಿ ಪಟ್ಟಿಗೆ ಸೇರಿಸಲು ಕಾರಣಗಳೇ. ಅದಕ್ಕೂ ಮೊದಲು, ಕಾಯಿಲೆ ಗೊತ್ತಾದಾಗಲೇ ಕಸಿ ಕೇಂದ್ರಕ್ಕೆ ಕಳಿಸಬೇಕಂತೆ. ನಮ್ಮ ಡಾಕ್ಟರ್ ಮಾತ್ರ "ಇನ್ನೂ ಸ್ವಲ್ಪ ನೋಡೋಣ" ಅಂತಲೇ ಇದ್ದಾರೆ. ತೀರಾ ಬೇಗ ಮಾಡಿಸಿದರೆ ಸುಮ್ನೆ ಅಪಾಯ ಮೈಮೇಲೆ ಎಳೆದುಕೊಂಡ ಹಾಗೆ, ಸರಿ. ಆದರೆ ತಡವಾದರೆ ಆಪರೇಷನ್ ತಡೆದುಕೊಳ್ಳುವ ಶಕ್ತಿಯೇ ಉಳಿದಿರುವುದಿಲ್ಲ, ಅಲ್ವಾ?

ಸಿಗರೇಟ್ ಬಿಟ್ಟು 3 ವರ್ಷ ಆಯ್ತು. ಕಿಡ್ನಿ, ಹಾರ್ಟ್ ಚೆನ್ನಾಗಿವೆ. ತೂಕ ಮಾತ್ರ ಇಳಿಯುತ್ತಲೇ ಇದೆ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 17. ಇದೇ ಕಾರಣಕ್ಕೆ ಬೇಡ ಅಂದುಬಿಡುತ್ತಾರಾ? ಮೊದಲು ತೂಕ ಹೆಚ್ಚಿಸಿಕೊಂಡು ಬನ್ನಿ ಅಂತ ಯಾರಿಗಾದರೂ ಹೇಳಿದ್ದಾರಾ? ಡಾಕ್ಟರ್ ಚೀಟಿ ಇಲ್ಲದೆ ನೇರವಾಗಿ ಕಸಿ ಕೇಂದ್ರಕ್ಕೆ ಹೋದವರಿದ್ದರೆ ಯಾವ ರಿಪೋರ್ಟ್ ಒಯ್ದಿರಿ ಅಂತ ದಯವಿಟ್ಟು ತಿಳಿಸಿ, ಈ ವಾರವೇ ಹೊರಡುವ ಯೋಚನೆಯಲ್ಲಿದ್ದೇನೆ.