ಒಬ್ಬರೇ ಹಡಗಿನಲ್ಲಿ ಅಟ್ಲಾಂಟಿಕ್ ದಾಟುವುದು: ಹೋಗಿ ಬಂದವರು ದಯವಿಟ್ಟು ಹೇಳಿ

ಬಾಗಲಕೋಟೆ ವಿದ್ಯಾಗಿರಿಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲ್ ಶಿಕ್ಷಕಿಯಾಗಿ ನಿವೃತ್ತಳಾದವಳು. ವಯಸ್ಸು 61. ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಅಮೆರಿಕದ ವಿಸಿಟರ್ ವೀಸಾ ಈಗಾಗಲೇ ಇದೆ. ಬರುವ ವರ್ಷ ಅವಳ ಹತ್ತಿರ ನಾಲ್ಕೈದು ತಿಂಗಳು ಇರುತ್ತೇನೆ. ಆಮೇಲೆ ನ್ಯೂಯಾರ್ಕಿನಿಂದ ಇಂಗ್ಲೆಂಡಿನ ಸೌತಾಂಪ್ಟನ್‌ವರೆಗೆ ಹಡಗಿನಲ್ಲಿ ಬಂದು, ಅಲ್ಲಿಂದ ವಿಮಾನ ಹಿಡಿಯಬೇಕು ಅಂತ ಆಸೆ. ಒಬ್ಬಳೇ. "ಒಂದು ವಾರ ನೀರಿನ ಮ್ಯಾಲೆ ಒಬ್ಬಾಕಿನ ಹೆಂಗ ಇರ್ತಿ?" ಅಂತ ತಮ್ಮ ಹೆದರಿಸುತ್ತಿದ್ದಾನೆ. ನಾನು ತತ್ತಿ ಕೂಡ ತಿನ್ನುವುದಿಲ್ಲ. ಗೋವಾಕ್ಕೆ ಹೋಗುವಾಗ ಘಾಟಿನಲ್ಲಿ ವಾಂತಿ ಬರುತ್ತದೆ. ಶುಗರ್‌ಗೆ ಗುಳಿಗೆ ತೆಗೆದುಕೊಳ್ಳುತ್ತೇನೆ. ಖರ್ಚು, ಊಟ, ಆರೋಗ್ಯ, ಜೊತೆ, ಇವುಗಳ ಬಗ್ಗೆ ಅನುಭವ ಇದ್ದವರು ತಿಳಿಸಿ.

ಬೆಳಗಾವಿ ಟಿಳಕವಾಡಿಯಿಂದ

ಬಾಯಿಯವರೇ, ಖಂಡಿತ ಹೋಗಿ ಬನ್ನಿ. ನಾನೂ ಒಬ್ಬಳೇ ಹೋದವಳು. ಆದರೆ ಒಂದು ಬದಲಾವಣೆ ಮಾಡಿಕೊಳ್ಳಿ ಅಂತ ಕೈಮುಗಿದು ಕೇಳುತ್ತೇನೆ. ಹಡಗನ್ನು ಬರುವಾಗ ಬೇಡ, ಹೋಗುವಾಗ ಇಟ್ಟುಕೊಳ್ಳಿ. ಲಂಡನ್‌ಗೆ ವಿಮಾನ, ಸೌತಾಂಪ್ಟನ್‌ನಿಂದ ನ್ಯೂಯಾರ್ಕಿಗೆ ಹಡಗು, ಮಗಳ ಮನೆಯಿಂದ ಊರಿಗೆ ವಿಮಾನ.

ಮೊದಲ ಕಾರಣ ವೀಸಾ. ಸೌತಾಂಪ್ಟನ್‌ನಲ್ಲಿ ಹಡಗು ಹತ್ತುವುದಾದರೂ ಇಳಿಯುವುದಾದರೂ ನಮಗೆ ಬ್ರಿಟನ್ ವೀಸಾ ಬೇಕು. "ಅಮೆರಿಕ ವೀಸಾ ಇದ್ದರೆ ಬ್ರಿಟನ್‌ನಲ್ಲಿ ಟ್ರಾನ್ಸಿಟ್‌ಗೆ ಬೇರೆ ವೀಸಾ ಬೇಡ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆ ಸೌಲಭ್ಯ ವಿಮಾನದಲ್ಲಿ ಬಂದು ವಿಮಾನದಲ್ಲೇ ಹೋಗುವವರಿಗೆ. ಹಡಗಿನಲ್ಲಿ ಬಂದವರಿಗೆ ಅನ್ವಯಿಸುವುದಿಲ್ಲ. ಇನ್ನು ಬ್ರಿಟನ್ನಿನ ಸಾಮಾನ್ಯ ವಿಸಿಟರ್ ವೀಸಾ 6 ತಿಂಗಳದ್ದು. ಅದಕ್ಕೆ ಅಲ್ಲಿ ಕಾಲಿಡುವ ದಿನಕ್ಕಿಂತ 3 ತಿಂಗಳು ಮೊದಲಷ್ಟೇ ಅರ್ಜಿ ಹಾಕಲು ಬರುತ್ತದೆ. ನೀವು ಮಗಳ ಹತ್ತಿರ ನಾಲ್ಕೈದು ತಿಂಗಳು ಇರುವವರು. ಅಂದರೆ ಅರ್ಜಿ ಹಾಕುವ ಹೊತ್ತಿಗೆ ನೀವು ನ್ಯೂಜೆರ್ಸಿಯಲ್ಲಿ, ನಿಮ್ಮ ಪಿಂಚಣಿ ಕಾಗದ, ಬ್ಯಾಂಕ್ ಕಾಗದ ಬಾಗಲಕೋಟೆಯಲ್ಲಿ. ಸುಮ್ನೆ ಯಾಕೆ ಆ ತಲೆನೋವು? ಹೋಗುವಾಗಲೇ ಹಡಗು ಹತ್ತುವುದಾದರೆ ಎಲ್ಲವನ್ನೂ ಊರಲ್ಲೇ ಕೂತು ಮುಗಿಸಬಹುದು. ವೀಸಾ ಇಲ್ಲದವರನ್ನು ಬಂದರಿನ ಕೌಂಟರ್‌ನಿಂದಲೇ ವಾಪಸ್ ಕಳಿಸುತ್ತಾರೆ. ಟಿಕೆಟ್ ದುಡ್ಡೂ ಹೋಗುತ್ತದೆ.

ಎರಡನೆಯದು ಗಡಿಯಾರ. ಲಂಡನ್‌ಗೂ ನ್ಯೂಯಾರ್ಕಿಗೂ 5 ತಾಸಿನ ಅಂತರ. ಪಶ್ಚಿಮಕ್ಕೆ ಹೋಗುವ ಹಡಗಿನಲ್ಲಿ ಐದು ರಾತ್ರಿ ಗಡಿಯಾರವನ್ನು ಒಂದೊಂದು ತಾಸು ಹಿಂದಕ್ಕೆ ಇಡುತ್ತಾರೆ. ದಿನಕ್ಕೆ 25 ತಾಸು! ನಿದ್ದೆಗೆ ಒಂದು ತಾಸು ಜಾಸ್ತಿ ಸಿಗುತ್ತದೆ. ಮಗಳ ಮನೆ ಮುಟ್ಟುವ ಹೊತ್ತಿಗೆ ದೇಹ ಆ ಸಮಯಕ್ಕೆ ಹೊಂದಿಕೊಂಡಿರುತ್ತದೆ. ಪೂರ್ವಕ್ಕೆ ಬರುವಾಗ ಇದೇ ತಿರುಗುಮುರುಗು. ದಿನ 23 ತಾಸಿಗೆ ಇಳಿಯುತ್ತದೆ, ದಣಿವು ಬೇರೆ.

ನೀವು ಹೇಳುವ ದಾರಿಯಲ್ಲಿ ಟೈಮ್‌ಟೇಬಲ್ ಹಾಕಿಕೊಂಡು ಓಡಾಡುವುದು ಕ್ಯೂನಾರ್ಡ್ ಕಂಪನಿಯ ಕ್ವೀನ್ ಮೇರಿ 2. ಸಾಮಾನ್ಯವಾಗಿ 7 ರಾತ್ರಿ. 2004ರಿಂದ ಓಡುತ್ತಿದೆ. ಅಟ್ಲಾಂಟಿಕ್‌ನ ಅಲೆಗೆಂದೇ ಕಟ್ಟಿದ ಹಡಗು ಅದು, ಉದ್ದ 345 ಮೀಟರ್.

ಈಗ ದುಡ್ಡಿನ ಮಾತು. ಜಾಹೀರಾತಿನಲ್ಲಿ ಕಾಣುವ ದರ ಒಂದು ರೂಮಿನಲ್ಲಿ ಇಬ್ಬರು ಇರುತ್ತಾರೆ ಅಂತ ಲೆಕ್ಕ ಹಾಕಿ ಒಬ್ಬರಿಗೆ ಹೇಳಿದ್ದು. ಒಬ್ಬರೇ ಹೋದರೆ ಎಷ್ಟೋ ಸಲ ಅದರ ಹತ್ತಿರಹತ್ತಿರ ಎರಡು ಪಟ್ಟು ಕೊಡಬೇಕಾಗುತ್ತದೆ. ಕ್ವೀನ್ ಮೇರಿಯಲ್ಲಿ 2016ರಲ್ಲಿ ಒಬ್ಬರಿಗೆಂದೇ 15 ರೂಮು ಮಾಡಿದ್ದಾರೆ. ಕೆಳಗಿನ ಡೆಕ್‌ಗಳಲ್ಲಿವೆ, ದೊಡ್ಡ ಕಿಟಕಿ ಇದೆ. ಇಡೀ ಹಡಗಿಗೆ ಹದಿನೈದೇ, ಹಾಗಾಗಿ ಬೇಗ ಖಾಲಿಯಾಗುತ್ತವೆ. ತಾರೀಖು ನಿಕ್ಕಿ ಆದ ಕೂಡಲೇ ವಿಚಾರಿಸಿ. ಸಿಗದಿದ್ದರೆ ಎರಡು ಮೂರು ಬೇರೆ ತಾರೀಖಿಗೆ ದರ ಕೇಳಿ ನೋಡಿ, ಒಂಟಿ ಪ್ರಯಾಣಿಕರ ಹೆಚ್ಚುವರಿ ದರ ಎಲ್ಲ ತಾರೀಖಿಗೂ ಒಂದೇ ಇರುವುದಿಲ್ಲ. "ರೂಮು ನಾವೇ ಆರಿಸಿ ಕೊಡುತ್ತೇವೆ" ಅನ್ನುವ ಅಗ್ಗದ ಟಿಕೆಟ್ ನಿಮಗೆ ಬೇಡ. ವಾಂತಿ ಬರುವವರು ರೂಮನ್ನು ತಾವೇ ಆರಿಸಬೇಕು.

ಇಲ್ಲಿಂದಲೇ ಏಜೆಂಟರ ಮೂಲಕ ಪ್ಯಾಕೇಜ್ ತೆಗೆದುಕೊಂಡರೆ ಟಿಸಿಎಸ್ ಅಂತ ತೆರಿಗೆ ಹಿಡಿಯುತ್ತಾರೆ. ಆ ಚೀಟಿ ಇಟ್ಟುಕೊಳ್ಳಿ, ಇನ್ಕಮ್ ಟ್ಯಾಕ್ಸ್ ರಿಟರ್ನ್ ಹಾಕುವಾಗ ಅದು ನಿಮ್ಮ ಲೆಕ್ಕಕ್ಕೆ ಬರುತ್ತದೆ.

ಜೊತೆಯ ವಿಷಯ ನಿಮ್ಮ ತಮ್ಮನವರಿಗೆ ಓದಿ ಹೇಳಿ. ಬುಕ್ ಮಾಡುವಾಗ "ಎಲ್ಲರ ಜೊತೆ ಹಂಚಿಕೊಳ್ಳುವ ಟೇಬಲ್ ಬೇಕು" ಅಂತ ಹೇಳಿಬಿಡಿ. ಆರೋ ಎಂಟೋ ಜನ ಕೂಡುವ ಟೇಬಲ್ ಸಿಗುತ್ತದೆ, ದಿನಾ ರಾತ್ರಿ ಅದೇ ಮುಖಗಳು. ನನ್ನ ಟೇಬಲ್‌ನಲ್ಲಿ ಸ್ಕಾಟ್ಲೆಂಡಿನ ಒಬ್ಬ ವಿಧವೆ ಅಜ್ಜಿ ಇದ್ದರು. ಒಂದು ದಿನ ನಾನು ಬೆಳಗಿನ ನಾಷ್ಟಾಕ್ಕೆ ಕಾಣಲಿಲ್ಲ ಅಂತ ರಿಸೆಪ್ಷನ್‌ಗೆ ಹೋಗಿ ಕೇಳಿದ್ದರಂತೆ. ದಿನದ ಕಾರ್ಯಕ್ರಮದ ಹಾಳೆಯಲ್ಲಿ ಒಂಟಿಯಾಗಿ ಬಂದವರು ಸೇರುವ ಸಮಯ, ಜಾಗ ಇರುತ್ತದೆ. ಮೊದಲ ದಿನವೇ ಹೋಗಿ. ಮೂರನೇ ದಿನದ ಹೊತ್ತಿಗೆ ಗುಂಪುಗಳು ಆಗಿಬಿಟ್ಟಿರುತ್ತವೆ, ಆಮೇಲೆ ಸೇರುವುದು ಸ್ವಲ್ಪ ಕಷ್ಟ. ಯಾರೂ ಬೇಡ ಅನ್ನಿಸಿದರೆ ದೊಡ್ಡ ಲೈಬ್ರರಿ ಇದೆ, ಉಪನ್ಯಾಸಗಳಿವೆ, ಹಡಗಿನ ಸುತ್ತ ನಡೆಯಲು ಮರದ ಡೆಕ್ ಇದೆ. ಮೂರು ಸುತ್ತು ಹಾಕಿದರೆ ಸುಮಾರು ಒಂದೂಮುಕ್ಕಾಲು ಕಿಲೋಮೀಟರ್. ಬೇಸಿಗೆಯಲ್ಲೂ ಗಾಳಿ ಕೊರೆಯುತ್ತದೆ, ಗಾಳಿ ತಡೆಯುವ ಜಾಕೆಟ್, ಕಿವಿ ಮುಚ್ಚುವ ಟೋಪಿ ಬೇಕು.

ಒಂದೆರಡು ಸಂಜೆ ಎಲ್ಲರೂ ಗ್ರ್ಯಾಂಡಾಗಿ ಬರುತ್ತಾರೆ. ನಮಗೆ ಚಿಂತೆ ಇಲ್ಲ. ಇಳಕಲ್ ಸೀರೆ ನಿಮ್ಮ ಜಿಲ್ಲೆಯದ್ದೇ ಅಲ್ವಾ, ಎರಡು ಇಟ್ಟುಕೊಳ್ಳಿ. ಕಾಲಿಗೆ ಮಾತ್ರ ಜಾರದ ಚಪ್ಪಟೆ ಶೂ.

ರೂಮ್ ನಂಬರನ್ನು ಹೊಸಬರ ಎದುರು ಹೇಳಬೇಡಿ. ಇನ್ನೊಂದು, ನಡು ಸಮುದ್ರದಲ್ಲಿ ಮೊಬೈಲನ್ನು ಫ್ಲೈಟ್ ಮೋಡ್‌ನಲ್ಲೇ ಇಡಿ. ಹಡಗಿನ ಮೊಬೈಲ್ ನೆಟ್‌ವರ್ಕ್ ತಾನಾಗಿ ಹಿಡಿದುಕೊಂಡರೆ ರೋಮಿಂಗ್ ಬಿಲ್ ವಿಪರೀತ ಬರುತ್ತದೆ. ವೈಫೈ ಪ್ಯಾಕ್ ತೆಗೆದುಕೊಂಡು ಮನೆಯವರಿಗೆ ವಾಟ್ಸಾಪ್ ಮಾಡಿ.

ವಿಜಯಪುರದಿಂದ, ಹಡಗಿನ ಊಟದ ಹಾಲ್‌ನಲ್ಲಿ ಕೆಲಸ ಮಾಡಿದವನು

ಅಕ್ಕಾರ, ಊಟದ ಬಗ್ಗೆ ನಾನು ಹೇಳುತ್ತೇನೆ. ಅಲ್ಲಿ ವೆಜಿಟೇರಿಯನ್ ಅಂದರೆ ತತ್ತಿ ತಿನ್ನುತ್ತಾರೆ ಅಂತಲೇ ತಿಳಿಯುತ್ತಾರೆ. ಬುಕಿಂಗ್ ಆದ ತಕ್ಷಣ "ಇಂಡಿಯನ್ ವೆಜಿಟೇರಿಯನ್, ತತ್ತಿ ಇಲ್ಲ" ಅಂತ ಬರೆದು ಕಳಿಸಿ. ಹಡಗು ಹತ್ತಿದ ದಿನ ಊಟದ ಹಾಲ್‌ನ ಹೆಡ್ ವೇಟರ್ ಅವರನ್ನು ಕಂಡು ಮತ್ತೊಮ್ಮೆ ಬಾಯಿಬಿಟ್ಟು ಹೇಳಿ. ಬರೆದ ಕಾಗದಕ್ಕಿಂತ ಆ ಐದು ನಿಮಿಷದ ಮಾತು ಜಾಸ್ತಿ ಕೆಲಸ ಮಾಡುತ್ತದೆ. ರಾತ್ರಿ ಊಟ ಮುಗಿಸಿ ಏಳುವ ಮೊದಲು ನಾಳೆಯ ಮೆನು ಕೇಳಿ, ನಿಮಗೆ ಬೇಕಾದ್ದನ್ನು ಆಗಲೇ ಹೇಳಿಡಿ. ಬಹಳ ಹಡಗುಗಳ ಅಡುಗೆಮನೆಯಲ್ಲಿ ಗೋವಾ, ಮುಂಬೈ ಹುಡುಗರಿದ್ದಾರೆ. ಒಂದು ದಿನ ಮೊದಲು ಗೊತ್ತಾದರೆ ಅನ್ನ, ದಾಲ್, ಪಲ್ಯ ಪ್ರೀತಿಯಿಂದ ಮಾಡಿಕೊಡುತ್ತಾರೆ. ಸೂಪ್ ವಿಷಯದಲ್ಲಿ ಎಚ್ಚರ. ತರಕಾರಿ ಸೂಪ್ ಅಂತ ಹೆಸರಿದ್ದರೂ ಕೋಳಿ ಬೇಯಿಸಿದ ನೀರು ಹಾಕಿರಬಹುದು. ಕೇಳಿಯೇ ತಿನ್ನಿ.

ಖಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ಯಬೇಕು ಅಂತ ಮನಸ್ಸಾಗುತ್ತದೆ. ಮನೆಯಲ್ಲಿ ಮಾಡಿದ್ದನ್ನು ಹಡಗಿಗೆ ಬಿಡದ ಕಂಪನಿಗಳು ಬಹಳ ಇವೆ. ಅಂಗಡಿಯ ಸೀಲ್ ಮಾಡಿದ ಪ್ಯಾಕೆಟ್, ಮೇಲೆ ಏನೇನು ಹಾಕಿದ್ದಾರೆ ಅಂತ ಇಂಗ್ಲಿಷಿನಲ್ಲಿ ಅಚ್ಚಾಗಿರುವಂಥದ್ದು ತೆಗೆದುಕೊಳ್ಳಿ. ಬೆಳಗಾವಿ ಕುಂದಾ ಬೇಡ. ಹಾಲಿನ ಪದಾರ್ಥವನ್ನು ಇಲ್ಲಿಂದ ಬ್ರಿಟನ್‌ಗೆ ಒಯ್ಯುವಂತಿಲ್ಲ. ಅಮೆರಿಕದಲ್ಲಿ ಇಳಿಯುವಾಗ ಉಳಿದ ತಿನಿಸು ಏನಿದ್ದರೂ ಡಿಕ್ಲೇರ್ ಮಾಡಿ. ಹಡಗಿನಲ್ಲಿ ಕೊಟ್ಟ ಬಾಳೆಹಣ್ಣು, ಸೇಬು ಕೂಡ ಚೀಲದಲ್ಲಿ ಉಳಿಯಬಾರದು.

ನೀರು ಕಾಯಿಸುವ ಕಾಯಿಲ್, ಇಸ್ತ್ರಿ ಪೆಟ್ಟಿಗೆ ಒಯ್ಯಲೇಬೇಡಿ. ಬೆಂಕಿಯ ಭಯಕ್ಕೆ ಬಂದರಿನಲ್ಲೇ ತೆಗೆದಿಡುತ್ತಾರೆ. ಕ್ವೀನ್ ಮೇರಿಯಲ್ಲಿ ಚಹಾ ಮಾಡಿಕೊಳ್ಳಲು ರೂಮಿನಲ್ಲೇ ಕೆಟಲ್ ಇರುತ್ತದೆ. ಬಟ್ಟೆ ಒಗೆಯುವ ಮಷಿನ್, ಇಸ್ತ್ರಿ ಎರಡೂ ಪುಕ್ಕಟೆ.

ಹೊಯ್ದಾಟದ ಬಗ್ಗೆ. ಹಡಗು ತೊಟ್ಟಿಲಿನ ಹಾಗೆ ಪಕ್ಕಕ್ಕೆ ತೂಗುವುದನ್ನು ತಡೆಯಲು ನೀರಿನೊಳಗೆ ರೆಕ್ಕೆಗಳಿರುತ್ತವೆ. ಮುಂದೆ ಏಳುವುದು, ಹಿಂದೆ ಇಳಿಯುವುದನ್ನು ಅವು ತಡೆಯುವುದಿಲ್ಲ. ಅದಕ್ಕೇ ಮೂತಿಯ ಕಡೆ, ಬಾಲದ ಕಡೆ ರೂಮು ಬೇಡ. ಉದ್ದದಲ್ಲಿ ನಡುಮಧ್ಯ, ಎತ್ತರದಲ್ಲಿ ಕೆಳಗೆ. ಮೇಲಿನ ಬಾಲ್ಕನಿ ರೂಮಿಗೆ ದುಡ್ಡು ಜಾಸ್ತಿ, ಅಲ್ಲಾಟವೂ ಜಾಸ್ತಿ. ಮೇ ತಿಂಗಳಿಂದ ಆಗಸ್ಟ್‌ವರೆಗೆ ಉತ್ತರ ಅಟ್ಲಾಂಟಿಕ್ ಚಳಿಗಾಲಕ್ಕಿಂತ ಎಷ್ಟೋ ಶಾಂತ. ಹೊಟ್ಟೆ ಖಾಲಿ ಬಿಡಬೇಡಿ. ಒಣ ಬಿಸ್ಕತ್ತು, ಹಸಿರು ಸೇಬು, ಶುಂಠಿ, ಇವನ್ನೇ ನಾವು ಪ್ರಯಾಣಿಕರಿಗೆ ಕೊಡುತ್ತಿದ್ದೆವು. ತಲೆ ತಿರುಗಿದಾಗ ರೂಮಿನಲ್ಲಿ ಕೂಡಬೇಡಿ, ಡೆಕ್‌ಗೆ ಬಂದು ನೀರು ಆಕಾಶ ಕೂಡುವ ಗೆರೆ ನೋಡಿ.

ಬಾಗಿಲುಗಳು ಭಾರ. ಚೌಕಟ್ಟಿನ ಸಂದಿಯಲ್ಲಿ ಬೆರಳಿಟ್ಟು ನಿಲ್ಲಬೇಡಿ, ಹಡಗು ಒಮ್ಮೆಲೇ ವಾಲಿದರೆ ಬಾಗಿಲು ಬಡಿಯುತ್ತದೆ. ಮೆಟ್ಟಿಲಿಳಿಯುವಾಗ ಒಂದು ಕೈ ಯಾವಾಗಲೂ ಕಂಬಿಯ ಮೇಲೆ. ಈ ಮಾತನ್ನು ನಾನು ಎಷ್ಟು ಜನ ಹಿರಿಯರಿಗೆ ಹೇಳಿದ್ದೇನೋ. ಹಡಗು ಹೊರಡುವ ಮೊದಲಿನ ಸುರಕ್ಷತಾ ಡ್ರಿಲ್ ಎಲ್ಲರಿಗೂ ಕಡ್ಡಾಯ. ತುರ್ತು ಹೊತ್ತಿನಲ್ಲಿ ಎಲ್ಲರೂ ಸೇರುವ ಜಾಗಕ್ಕೆ ನಿಮ್ಮ ರೂಮಿನಿಂದ ಒಮ್ಮೆ ನಡೆದು ದಾರಿ ನೋಡಿಕೊಳ್ಳಿ, ಒಬ್ಬರೇ ಇರುವವರಿಗೆ ನೆನಪಿಸಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಬೆಳಗಾವಿ ಶಹಾಪುರದಿಂದ

ಇನ್ನೊಂದು ದಾರಿಯೂ ಇದೆ, ತಿಳಿದಿರಲಿ. ಬೇಸಿಗೆಯಲ್ಲಿ ಯುರೋಪಿನಲ್ಲಿ ಓಡುವ ಹಡಗುಗಳು ಅಕ್ಟೋಬರ್, ನವೆಂಬರ್‌ನಲ್ಲಿ ಅಮೆರಿಕದ ಫ್ಲೋರಿಡಾ ಕಡೆ ಹೋಗುತ್ತವೆ. ಏಪ್ರಿಲ್, ಮೇನಲ್ಲಿ ವಾಪಸ್ ಬರುತ್ತವೆ. ಹೇಗೂ ದಾಟಬೇಕಾದ ಹಡಗು, ಹಾಗಾಗಿ ದಿನದ ಲೆಕ್ಕದಲ್ಲಿ ಅಗ್ಗ. ಬಾರ್ಸಿಲೋನಾದಿಂದ ಹೊರಟು ಮದೈರಾ, ಕ್ಯಾನರಿ ಅಥವಾ ಅಜೋರ್ಸ್ ದ್ವೀಪಗಳಲ್ಲಿ ನಿಂತು ಹೋಗುತ್ತವೆ. ಎರಡು ವಾರದ ಆಸುಪಾಸು ಹಿಡಿಯುತ್ತದೆ. ದಕ್ಷಿಣದ ದಾರಿ, ಚಳಿ ಕಡಿಮೆ. ನನಗೆ ಇದೇ ಹೆಚ್ಚು ಇಷ್ಟವಾಯಿತು. ಆದರೆ ಯುರೋಪಿನ ಷೆಂಗನ್ ವೀಸಾ ಬೇಕು, ಫ್ಲೋರಿಡಾದಿಂದ ಮಗಳ ಊರಿಗೆ ಮತ್ತೊಂದು ವಿಮಾನ ಬೇಕು. ಆರೇಳು ದಿನ ಸತತ ನೆಲ ಕಾಣುವುದಿಲ್ಲ. ನಾರ್ವೇಜಿಯನ್ ಕಂಪನಿಯ ಕೆಲವು ಹಡಗುಗಳಲ್ಲಿ ಒಬ್ಬರಿಗೆಂದೇ ಸ್ಟುಡಿಯೋ ರೂಮುಗಳಿವೆ, ಅವರಷ್ಟೇ ಕೂಡುವ ಹಾಲ್ ಕೂಡ ಇದೆ. ರೂಮು ಸಣ್ಣದು, ಹೆಚ್ಚಿನವಕ್ಕೆ ಸಮುದ್ರ ಕಾಣುವ ಕಿಟಕಿ ಇಲ್ಲ. ವಾಂತಿಯ ತೊಂದರೆ ಇರುವವರಿಗೆ ಮುಚ್ಚಿದ ರೂಮು ಒಳ್ಳೆಯದಲ್ಲ ಅಂತ ನನ್ನ ಅಭಿಪ್ರಾಯ.

ಟಿಪ್ಸ್ ಲೆಕ್ಕ ಮರೆಯಬೇಡಿ. ದೊಡ್ಡ ಕಂಪನಿಗಳಲ್ಲಿ ದಿನಕ್ಕೆ ಸುಮಾರು 16ರಿಂದ 20 ಡಾಲರ್ ತಾನಾಗಿಯೇ ಬಿಲ್‌ಗೆ ಸೇರುತ್ತದೆ. ಹಡಗಿನ ಖಾತೆಗೆ ಕ್ರೆಡಿಟ್ ಕಾರ್ಡ್ ಕೊಡಿ. ಡೆಬಿಟ್ ಕಾರ್ಡ್ ಕೊಟ್ಟರೆ ನಿಮ್ಮದೇ ದುಡ್ಡು ಕೆಲವು ದಿನ ಬ್ಲಾಕ್ ಆಗಿ ಕೂಡಬಹುದು.

ಜಮಖಂಡಿಯಿಂದ, ವೈದ್ಯ

ತಾಯಿ, ಮೇಲಿನವರು ಹೇಳದೇ ಬಿಟ್ಟದ್ದನ್ನು ಮಾತ್ರ ಬರೆಯುತ್ತೇನೆ. ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಆದರೆ ಪ್ರತಿ ಭೇಟಿಗೂ ಬಿಲ್ ಇದೆ, ಅದು ಡಾಲರ್‌ನಲ್ಲಿ. ನಡು ಅಟ್ಲಾಂಟಿಕ್‌ಗೆ ಹೆಲಿಕಾಪ್ಟರ್ ಬರುವಷ್ಟು ದಡ ಹತ್ತಿರ ಇರುವುದಿಲ್ಲ. ಆದ್ದರಿಂದ ಇನ್ಶೂರೆನ್ಸ್ ತೆಗೆದುಕೊಳ್ಳುವಾಗ ಕ್ರೂಸ್ ಪ್ರಯಾಣ ಸೇರಿದೆಯಾ, ತುರ್ತಾಗಿ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿದೆಯಾ ಅಂತ ಬರಹದಲ್ಲಿ ಕೇಳಿ. ಶುಗರ್ ಇರುವುದನ್ನು ಮುಚ್ಚಿಡಬೇಡಿ. ಮುಚ್ಚಿಟ್ಟರೆ ಕ್ಲೇಮ್ ಕೊಡುವುದಿಲ್ಲ.

ಗುಳಿಗೆಗಳು ಕೈಚೀಲದಲ್ಲಿರಲಿ. ದೊಡ್ಡ ಪೆಟ್ಟಿಗೆ ಬಂದರಿನಲ್ಲಿ ಕೊಟ್ಟ ಮೇಲೆ ರೂಮಿಗೆ ಬರುವುದು ಸಂಜೆಯಾಗಬಹುದು. ಲೆಕ್ಕಕ್ಕಿಂತ ಎರಡು ವಾರದ್ದು ಹೆಚ್ಚಿಗೆ, ಅಂಗಡಿಯಲ್ಲಿ ಕೊಟ್ಟ ಸ್ಟ್ರಿಪ್‌ನಲ್ಲೇ ಇಟ್ಟು, ಔಷಧದ ಮೂಲ ಹೆಸರಿರುವ ಇಂಗ್ಲಿಷ್ ಚೀಟಿಯ ಜೊತೆ. ಗಡಿಯಾರ ದಿನಾ ಹಿಂದೆ ಹೋಗುವುದರಿಂದ ಊಟ, ಗುಳಿಗೆಯ ಹೊತ್ತು ಹೇಗೆ ಹೊಂದಿಸಬೇಕು ಅಂತ ನಿಮ್ಮ ಡಾಕ್ಟರರ ಹತ್ತಿರ ಮೊದಲೇ ಕೂತು ಬರೆಸಿಕೊಳ್ಳಿ. ವಾಂತಿಗೆ ನಮ್ಮವರು ಅವೊಮಿನ್ ತೆಗೆದುಕೊಳ್ಳುತ್ತಾರೆ. ಕೆಲಸ ಮಾಡುತ್ತದೆ, ಆದರೆ ಜೋರು ನಿದ್ದೆ ಬರಿಸುತ್ತದೆ. ಅಲ್ಲಾಡುವ ಹಡಗಿನಲ್ಲಿ ಮಂಪರಿನಲ್ಲಿ ನಡೆದರೆ ಬೀಳುವ ಭಯ. ನಿಮ್ಮ ಇತರ ಔಷಧಗಳ ಜೊತೆ ಆಗುತ್ತದೆಯೇ ಕೇಳಿ, ಊರಲ್ಲೇ ಒಂದು ದಿನ ತೆಗೆದುಕೊಂಡು ನೋಡಿ. ಕೈಯನ್ನು ಸೋಪು ನೀರಿನಿಂದಲೇ ತೊಳೆಯಿರಿ. ಹಡಗಿನಲ್ಲಿ ಹರಡುವ ನೋರೋವೈರಸ್ ವಾಂತಿಭೇದಿಗೆ ಸ್ಯಾನಿಟೈಸರ್ ಸಾಲದು.

ವಿದ್ಯಾಗಿರಿಯಿಂದ

ಎಲ್ಲರಿಗೂ ಧನ್ಯವಾದಗಳು. ವೀಸಾದ ಮಾತು ನನಗೆ ಹೊಳೆದೇ ಇರಲಿಲ್ಲ. ಹೋಗುವಾಗಲೇ ಹಡಗು ಅಂತ ಮಗಳಿಗೆ ಹೇಳಿದೆ, ಅವಳಿಗೂ ಖುಷಿ. ತಮ್ಮ ಪೂರ್ತಿ ಓದಿ, ಹೀಥ್ರೂ ವಿಮಾನ ನಿಲ್ದಾಣದಿಂದ ಸೌತಾಂಪ್ಟನ್‌ಗೆ ಹೇಗೆ ಹೋಗುತ್ತಿ ಅಂತ ಕೇಳುತ್ತಿದ್ದಾನೆ.

ಬೆಳಗಾವಿ ಟಿಳಕವಾಡಿಯಿಂದ

ಬಸ್ ಇದೆ ಬಾಯಿಯವರೇ, ಎರಡು ತಾಸಿನ ದಾರಿ. ಮುಂಚೆಯೇ ಸೀಟು ಬುಕ್ ಮಾಡಬಹುದು. ಆದರೆ ವಿಮಾನ ಇಳಿದ ದಿನವೇ ಹಡಗು ಹತ್ತುವ ಹಾಗೆ ಇಟ್ಟುಕೊಳ್ಳಬೇಡಿ. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ, ಅದರ ಮುಂದಿನ ನಿಲ್ದಾಣ ನ್ಯೂಯಾರ್ಕ್. ಒಂದು ರಾತ್ರಿ ಸೌತಾಂಪ್ಟನ್‌ನಲ್ಲೇ ಉಳಿಯಿರಿ, ಸಾಧ್ಯವಾದರೆ ಎರಡು. ನಮ್ಮ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರಿಗೋ ಮುಂಬೈಗೋ ಹೋಗುವ ವಿಮಾನವನ್ನೂ ಲಂಡನ್ ವಿಮಾನವನ್ನೂ ಒಂದೇ ಟಿಕೆಟ್‌ನಲ್ಲಿ ಸಿಕ್ಕರೆ ಹಾಗೇ ಮಾಡಿ. ಇಲ್ಲದಿದ್ದರೆ ನಡುವೆ ಒಂದು ದಿನ ಬಿಡಿ. ಹಡಗಿಗೆ ಎಷ್ಟು ಪೆಟ್ಟಿಗೆ ಒಯ್ದರೂ ನಡೆಯುತ್ತದೆ, ವಿಮಾನದ ತೂಕದ ಮಿತಿಯನ್ನೇ ಲೆಕ್ಕಕ್ಕೆ ಹಿಡಿಯಿರಿ. ನ್ಯೂಯಾರ್ಕಿನಲ್ಲಿ ಹಡಗು ನಿಲ್ಲುವುದು ಬ್ರೂಕ್ಲಿನ್‌ನ ರೆಡ್ ಹುಕ್ ಹತ್ತಿರ. ಅಲ್ಲೇ ಇಮಿಗ್ರೇಷನ್ ಆಗುತ್ತದೆ, ವಿಮಾನ ನಿಲ್ದಾಣದ ಹಾಗೇ ಎಷ್ಟು ದಿನ ಇರುತ್ತೀರಿ ಅಂತ ಕೇಳುತ್ತಾರೆ. ವಾಪಸ್ ವಿಮಾನದ ಟಿಕೆಟ್ ಪ್ರಿಂಟ್, ಮಗಳ ವಿಳಾಸ ಕೈಯಲ್ಲಿರಲಿ. ಇಳಿಯುವ ದಿನ ಬೆಳಗಿನ ಜಾವ ಅಲಾರಂ ಇಟ್ಟು ಡೆಕ್‌ಗೆ ಬನ್ನಿ. ವೆರಜಾನೊ ಸೇತುವೆಯ ಕೆಳಗೆ ಹಡಗು ನುಸುಳುತ್ತದೆ. ಮಗಳಿಗೆ ಒಂಬತ್ತರ ಮೇಲೆ ಬಾ ಅಂತ ಹೇಳಿ, ಅದಕ್ಕಿಂತ ಮುಂಚೆ ಹೊರಗೆ ಬರುವುದು ಕಷ್ಟ.